ಗಾಡಿ ಹೋಗದ ಬೀದಿ

ಎರಡು ಕೈಯಲ್ಲೂ ಬಿಸಿ ಕಾಫಿಯ ಲೋಟ ಹಿಡಿದು ಲುವೆನಿಯಾ ಹಲಗೆಯ ಮೇಲೆ ಅರ್ಧ ದಾರಿ ಬಂದಿದ್ದಳು. ಮಾರ್ಕೆಟ್ ಬೀದಿಗೆ ಹೊಸ ಡಾಂಬರು ಹಾಕಿ ಮುಗಿದಿತ್ತು. ಆದರೆ ಚರಂಡಿಗಳಿಗೆ ಚಪ್ಪಡಿ ಮುಚ್ಚಿರಲಿಲ್ಲ. ಅವಳ ಹೋಟೆಲಿನಿಂದ ಎದುರಿನ ಜೋಡಿನ ಅಂಗಡಿಗೆ ಹೋಗಬೇಕಾದರೆ ಆ ಹಲಗೆಯನ್ನು ದಾಟಲೇಬೇಕಾಗಿತ್ತು.

ವಾಸಿಲ್ ಫೆಡೋರ್ಚಾಕ್ ಎಂದಿನಂತೆ ಕಿಟಕಿಯ ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ಬೀದಿಯ ಕಡೆ ಮುಖ ಮಾಡಿ ಕುಳಿತಿದ್ದ. ಕೆಲಸ ಶುರುವಾದಾಗಿನಿಂದ ಅವನದು ಅದೇ ಜಾಗ. ಲುವೆನಿಯಾ ಕಾಲಿನ ತುದಿಯಿಂದ ಬಾಗಿಲು ತಟ್ಟಿದಳು.

"ಏಯ್ ಮುದುಕಪ್ಪ, ತೆಗಿ ಬಾಗಿಲು. ಕೈ ಸುಡ್ತಾ ಇದೆ."

ಅವನು ತಿರುಗಲಿಲ್ಲ.

"ರಸ್ತೆ ಎಲ್ಲೂ ಓಡಿಹೋಗಲ್ಲ ಕಣಯ್ಯ, ಆಮೇಲೆ ನೋಡ್ಕೊಂಡ್ರಾಯ್ತು. ತೆಗಿ ಅಂದ್ರೆ!"

ಮತ್ತೊಮ್ಮೆ ತಟ್ಟಲು ಕಾಲೆತ್ತಿದವಳು ಹಾಗೆಯೇ ಇಳಿಸಿದಳು. ಗಾಜಿನ ಆಚೆ ಅವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಮೇಲಕ್ಕೆ ತಳ್ಳಿಕೊಳ್ಳುವುದು ಅವನಿಗೆ ನಿಮಿಷಕ್ಕೊಮ್ಮೆ ಬೇಕಾದ ಕೆಲಸ. ಲುವೆನಿಯಾ ಲೋಟಗಳನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟು, ಬೀದಿಯ ತುದಿಯಲ್ಲಿ ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ರಾಂಡಾಲನನ್ನು ಕೂಗಿದಳು. ಅವನು ಓಡಿ ಬಂದು ಬಾಗಿಲು ಮೀಟಿ ತೆಗೆದ. ಒಳಗೆ ಹೋಗಿ ಮುದುಕನ ಕೈ ಮುಟ್ಟಿ ನೋಡಿ, ತಲೆಯ ಮೇಲಿದ್ದ ಹಳದಿ ಟೋಪಿ ತೆಗೆದ.

ಅದು ಬುಧವಾರ. ಬೀದಿಯನ್ನು ಗಾಡಿಗಳಿಗೆ ಬಿಡುವುದಕ್ಕೆ ಇನ್ನು ಹನ್ನೆರಡು ದಿನವಿತ್ತು.

*

ಶನಿವಾರ ಬೆಳಿಗ್ಗೆ ಚರ್ಚಿನ ಕೆಳಗಿನ ಅಡುಗೆಮನೆಯಲ್ಲಿ ಹೆಂಗಸರು ಬೇಯಿಸಿದ ಎಲೆಕೋಸಿನ ಎಲೆಗಳಲ್ಲಿ ಅಕ್ಕಿ, ಮಾಂಸ ಇಟ್ಟು ಸುರುಳಿ ಸುತ್ತುತ್ತಿದ್ದರು. ಮಣ್ಣು ಮಾಡಿ ಬಂದವರಿಗೆ ಊಟ ಹಾಕಬೇಕಲ್ಲ. ಲುವೆನಿಯಾ ನಮ್ಮ ಚರ್ಚಿನವಳಲ್ಲ. ಆದರೂ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಅವರ ನಡುವೆ ಕೂತಿದ್ದಳು.

"ಇಷ್ಟು ದಪ್ಪ ಸುತ್ತಬೇಡ ಕಣೇ, ನಿನ್ನ ಹೋಟೆಲಿಂದಲ್ಲ ಇದು," ಎಂದಳು ಒಬ್ಬ ಮುದುಕಿ.

"ನನ್ನ ಹೋಟೆಲಲ್ಲಿ ಮೂವತ್ತು ವರ್ಷ ತಿಂದ ಆತ. ದಪ್ಪದ್ದೇ ಇಷ್ಟ ಅವನಿಗೆ. ನಿಮಗೇನು ಗೊತ್ತು!"

"ತಿಂದು ದುಡ್ಡು ಕೊಡ್ತಿದ್ನಾ?"

"ಅಟ್ಟೆ ಹಾಕಿ ಕೊಡ್ತಿದ್ದ. ಈ ಬೂಟಿಗೆ ಆರನೇ ಅಟ್ಟೆ ಇದು." ಅವಳು ಕಾಲು ಚಾಚಿ ತೋರಿಸಿದಳು. "ಆತ ನನಗೆ, ನೀನು ಬರೀ ಒಲೆ ಮುಂದೆ ನಿಂತ್ಕೊಂಡೇ ಅಟ್ಟೆ ಸವೆಸ್ತೀಯಲ್ಲ, ನಿನ್ನಂಥೋರು ಇನ್ನು ಹತ್ತು ಜನ ಇದ್ದಿದ್ರೆ ಬೀದಿ ಉಳೀತಿತ್ತು ಅಂತ ನಗಾಡೋನು."

ಹೆಂಗಸರು ನಕ್ಕರು. ಬಾಗಿಲಲ್ಲಿ ವಾಸಿಲನ ಮಗಳು ಥೆಕ್ಲಾ ಬಂದು ನಿಂತಿದ್ದಳು. ಐವತ್ತೆಂಟು ವಯಸ್ಸಿನ ಗಟ್ಟಿ ಹೆಂಗಸು. ಊರಿನ ಶಾಲೆಯ ಬಸ್ಸು ಓಡಿಸುತ್ತಾಳೆ. ಕೈಯಲ್ಲಿ ಫೋನಿತ್ತು.

"ನಗರಸಭೆಯವರು ಏನಂದ್ರು?" ಎಂದು ಲುವೆನಿಯಾ ಕೇಳಿದಳು.

"ಶನಿವಾರ ಯಾರೂ ಫೋನ್ ಎತ್ತಲ್ಲ. ನಿನ್ನೆ ಎತ್ತಿದೋರು, ಮೇಸ್ತ್ರಿ ಹೇಳಿದ್ದೇ ಕೊನೆ ಅಂದ್ರು. ಮೇಸ್ತ್ರಿ ಆಗಲ್ಲ ಅಂತಾನೆ."

"ಮತ್ತೊಂದು ಸಲ ಕೇಳು."

"ನಾಲ್ಕು ಸಲ ಕೇಳಿದೆ. ಗುರುವಾರ ತಾನೇ ಬೀದಿ ಬಾಯಿಗೆ ಕಾಂಕ್ರೀಟ್ ಹಾಕಿದಾರಂತೆ. ಏಳು ದಿನ ಅದರ ಮೇಲೆ ಚಕ್ರ ಹತ್ತೋ ಹಾಗಿಲ್ಲ. ಆಚೆ ತುದಿ ಇನ್ನೂ ಮುಚ್ಚೇ ಇದೆ." ಥೆಕ್ಲಾಳ ದನಿ ಸಣ್ಣಗಾಯಿತು. "ಒಂದೇ ಒಂದು ಗಳಿಗೆ ಅಂಗಡಿ ಮುಂದೆ ನಿಲ್ಲಿಸು ಅಂದಿದ್ದ ಅಪ್ಪ. ಇನ್ನೇನೂ ಕೇಳಿರ್ಲಿಲ್ಲ ಅವನು."

ಇದು ನಮ್ಮ ಚರ್ಚಿನ ಹಳೆಯ ವಾಡಿಕೆ. ಸ್ಮಶಾನಕ್ಕೆ ಹೊರಟ ಶವವಾಹನ, ಸತ್ತವರು ದುಡಿದ ಜಾಗದ ಮುಂದೆ ಒಂದು ಗಳಿಗೆ ನಿಲ್ಲುತ್ತದೆ. ಆ ಬಾಗಿಲನ್ನು ತೆರೆದಿಟ್ಟಿರುತ್ತಾರೆ. ಪಾದ್ರಿಗಳು ಇಳಿದು ಸಣ್ಣ ಪ್ರಾರ್ಥನೆ ಮಾಡುತ್ತಾರೆ. ಉಕ್ಕಿನ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅದರ ದೊಡ್ಡ ಗೇಟಿನ ಮುಂದೆ ದಿನ ಬಿಟ್ಟು ದಿನ ವಾಹನ ನಿಲ್ಲುತ್ತಿತ್ತು. ಆದರೆ ಮಾರ್ಕೆಟ್ ಬೀದಿಯ ಅಂಗಡಿಕಾರರಿಗೆ ಮೂವತ್ತೆಂಟು ವರ್ಷದಿಂದ ಆ ಭಾಗ್ಯವಿರಲಿಲ್ಲ. ಅಲ್ಲಿಗೆ ಯಾವ ಗಾಡಿಯೂ ಹೋಗುತ್ತಿರಲಿಲ್ಲ. ಹಾಗೆ ಮಾಡಿದವನು ವಾಸಿಲನೇ.

*

ಊರಾಚೆ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಮಾಲು ಎದ್ದ ವರ್ಷ ಅದು. ಅಲ್ಲಿ ಸಾವಿರ ಕಾರು ನಿಲ್ಲಿಸಲು ಜಾಗವಿತ್ತು, ಕಾಸು ಕೊಡಬೇಕಿರಲಿಲ್ಲ. ನಮ್ಮೂರು ವಾರ್ಡ್ಸ್‌ಬರ್ಗಿನ ಜನ ಒಬ್ಬೊಬ್ಬರಾಗಿ ಅತ್ತ ತಿರುಗಿದರು. ಆಗ ದೊಡ್ಡ ಪಟ್ಟಣದಿಂದ ಒಬ್ಬ ಪರಿಣತ ಬಂದ. ನಗರಸಭೆಯ ಗೋಡೆಗೆ ಅವನು ಅಂಟಿಸಿದ ಚಿತ್ರದಲ್ಲಿ ಮಾರ್ಕೆಟ್ ಬೀದಿಯಲ್ಲಿ ಕಾರುಗಳೇ ಇರಲಿಲ್ಲ. ಕೆಂಪು ಇಟ್ಟಿಗೆಯ ನೆಲ, ಮರಗಳು, ಕಾರಂಜಿ, ಕೂಸುಗಾಡಿ ತಳ್ಳುವ ತಾಯಂದಿರು.

ಆ ಚಿತ್ರವನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ವಾಸಿಲ್. ಅಂಗಡಿಕಾರರೆಲ್ಲ ಒಪ್ಪಿ ಸಹಿ ಹಾಕಿದರೆ ಬೀದಿಯನ್ನು ಮುಚ್ಚುತ್ತೇವೆ ಎಂದಿತು ನಗರಸಭೆ. ವಾಸಿಲ್ ಕಾಗದ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋದ. ಜೋಡಿನ ಅಳತೆ ತೆಗೆಯಲು ಊರಿನ ಅರ್ಧ ಜನರ ಪಾದ ಹಿಡಿದವನು ಅವನು. ಅವನ ಮಾತನ್ನು ಯಾರೂ ತೆಗೆದುಹಾಕಲಿಲ್ಲ. ಮಿಠಾಯಿ ಅಂಗಡಿಯ ಸ್ಪೈರೊ ಕಾಲಿವಾಸ್ ಒಬ್ಬನನ್ನು ಬಿಟ್ಟು.

"ನನ್ನ ಗಿರಾಕಿ ಎಂಥೋನು ಗೊತ್ತಾ?" ಎಂದಿದ್ದ ಸ್ಪೈರೊ. "ಗಂಡ ಕಾರಲ್ಲೇ ಕೂತಿರ್ತಾನೆ, ಇಂಜಿನ್ನೂ ಆರಿಸಲ್ಲ. ಹೆಂಡ್ತಿ ಓಡಿ ಬಂದು ಒಂದು ಡಬ್ಬಿ ತಗೊಂಡು ಓಡ್ತಾಳೆ. ಕಾರು ನಿಲ್ಲಿಸಿ ಅರ್ಧ ಮೈಲಿ ನಡ್ಕೊಂಡು ಯಾವನು ಬರ್ತಾನೆ ನನ್ನ ಮಿಠಾಯಿಗೆ?"

"ನಡೀತಾರೆ ಕಣೋ. ಮನುಷ್ಯನಿಗೆ ದೇವರು ಕಾಲು ಕೊಟ್ಟಿರೋದು ಯಾಕೆ?"

"ನಿನ್ನ ಅಂಗಡೀಲಿ ಅಟ್ಟೆ ಹಾಕ್ಸೋದಕ್ಕೆ!"

ಮೂರು ಸಂಜೆ ವಾಸಿಲ್ ಅವನ ಗಲ್ಲೆಯ ಮುಂದೆ ಕೂತ. ಮೂರನೆಯ ಸಂಜೆ ಸ್ಪೈರೊ ಸಹಿ ಹಾಕಿ ಪೆನ್ನನ್ನು ಎಸೆದ. "ನಿನ್ನ ಮುಖ ನೋಡಿ ಹಾಕಿದೀನಿ. ಚಿತ್ರ ನೋಡಿ ಅಲ್ಲ."

ಆ ಬೇಸಿಗೆಯೆಲ್ಲ ಜನ ನಡೆದರು. ಬ್ಯಾಂಡು ಬಾರಿಸಿತು, ಕಾರಂಜಿ ಚಿಮ್ಮಿತು. ವಾಸಿಲ್ ಬಾಗಿಲಲ್ಲಿ ನಿಂತು, ನಡೆಯುವವರ ಕಾಲುಗಳನ್ನೇ ನೋಡುತ್ತಿದ್ದ. ಹಿಮ ಬಿದ್ದ ಮೇಲೆ ಯಾರೂ ನಡೆಯಲಿಲ್ಲ. ಮರುವರ್ಷವೂ ಅಷ್ಟೆ. ಬಟ್ಟೆ ಅಂಗಡಿ ಹೋಯಿತು, ಔಷಧಿ ಅಂಗಡಿ ಹೋಯಿತು. ಏಳನೆಯ ವರ್ಷ ಸ್ಪೈರೊ ತನ್ನ ಕಿಟಕಿಗಳಿಗೆ ಹಲಗೆ ಹೊಡೆದ. ಮೊಳೆ ಹಿಡಿದುಕೊಡಲು ವಾಸಿಲ್ ಬಂದಾಗ, "ನಿನ್ನ ಮುಖ ಇನ್ನು ತೋರಿಸಬೇಡ," ಎಂದ. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಮಾತಿರಲಿಲ್ಲ.

*

"ಸ್ಪೈರೊ ಬಂದಿದಾನೆ," ಎಂದು ಚರ್ಚಿನ ಅಂಗಳದಲ್ಲಿ ಯಾರೋ ಪಿಸುಗುಟ್ಟಿದರು.

"ಯಾಕಂತೆ? ಸತ್ತಿದ್ದು ನಿಜಾನಾ ಅಂತ ನೋಡೋಕಾ?"

"ಬಿಡ್ರೋ, ಕೇಳ್ಸುತ್ತೆ."

"ಕೇಳ್ಸಲ್ಲ ಅವನಿಗೆ. ಕಿವಿಯಂತ್ರ ಆರಿಸಿ ಇಟ್ಕೊಂಡಿರ್ತಾನೆ."

ಸ್ಪೈರೊ ಕೋಲೂರಿಕೊಂಡು ಹಿಂದಿನ ಸಾಲಿನಲ್ಲೇ ನಿಂತಿದ್ದ. ಪೂಜೆ ಮುಗಿದು ಎಲ್ಲರೂ ಶವಪೆಟ್ಟಿಗೆಯ ಬಳಿ ಕೊನೆಯ ಮುತ್ತು ಕೊಡಲು ಹೋದಾಗಲೂ ಅವನು ಮುಂದೆ ಬರಲಿಲ್ಲ. ಗೌರವಕ್ಕೆ ತೆಗೆದಿದ್ದ ಟೋಪಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ, ಅಷ್ಟೇ.

ಪೆಟ್ಟಿಗೆಯನ್ನು ವಾಹನಕ್ಕೆ ಏರಿಸಿದ ಮೇಲೆ ಥೆಕ್ಲಾ ಹಿಂದಿನ ಕಾರಿಗೆ ಹೋಗಲಿಲ್ಲ. ಮುಂದುಗಡೆ ಚಾಲಕನ ಪಕ್ಕದಲ್ಲಿ ಹತ್ತಿ ಕೂತಳು.

"ಅಮ್ಮಾ, ಇಲ್ಲಿ ನೀವು ಕೂತ್ಕೊಳ್ಳೋ ಹಾಗಿಲ್ಲ," ಎಂದ ಚಾಲಕ.

"ಮಾರ್ಕೆಟ್ ಬೀದಿಗೆ ಬಿಡು."

"ಬಂದಾಗಿದೆ ಅಲ್ವಾ?"

"ಗೊತ್ತು. ಅಲ್ಲೀತನಕ ಬಿಡು."

ಫಾದರ್ ಮಿರಾನ್ ಕಿಟಕಿಯ ಬಳಿ ಬಂದರು. "ಥೆಕ್ಲಾ, ಮಗಳೇ, ಅಲ್ಲಿ ಜಗಳ ಬೇಡ. ಅಪ್ಪನಿಗೆ ದಾರಿ ದೇವರು ತೋರಿಸ್ತಾನೆ."

"ದೇವರು ತೋರಿಸ್ತಾನೆ, ಫಾದರ್. ನಗರಸಭೆ ತೋರಿಸಲ್ಲ." ಅವಳು ಕಣ್ಣೊರೆಸಿಕೊಂಡಳು. "ಅಮ್ಮನ್ನ ಎಲ್ಲಿ ನಿಲ್ಲಿಸಿದ್ರು ಅಂತ ನಿಮಗೆ ಗೊತ್ತಿಲ್ಲ. ಆಗ ನೀವಿರ್ಲಿಲ್ಲ."

*

ವಾಸಿಲನ ಹೆಂಡತಿ ಯೂಲಿಯಾ ಮೂವತ್ತೊಂದು ವರ್ಷ ಆ ಅಂಗಡಿಯ ಗಲ್ಲೆಯಲ್ಲಿ ಕೂತವಳು. ಮಕ್ಕಳ ಪಾದ ಅಳೆಯುವುದು ಅವಳದೇ ಕೆಲಸ. ಕಚಗುಳಿ ಇಡದೆ ಅಳೆಯಲು ಅವಳೊಬ್ಬಳಿಗೇ ಬರುತ್ತಿತ್ತು. ಅವಳು ತೀರಿಕೊಂಡಾಗ ಫೆಬ್ರವರಿ. ಶವವಾಹನ ಬೀದಿಯ ಬಾಯಿಗೆ ಬಂದು ನಿಂತಿತು. ಮುಂದೆ ಸಾಲಾಗಿ ಉಕ್ಕಿನ ಗೂಟಗಳು, ಕಾಂಕ್ರೀಟಿನಲ್ಲಿ ಹೂತವು. ಅಂಗಡಿ ಅಲ್ಲಿಂದ ಇನ್ನೂರು ಹೆಜ್ಜೆ ದೂರ. ಹಿಮದಲ್ಲಿ ಅದರ ಬಾಗಿಲು ಸರಿಯಾಗಿ ಕಾಣುತ್ತಲೂ ಇರಲಿಲ್ಲ.

"ಇಲ್ಲಿಂದಲೇ ಆಗಲಿ," ಎಂದಿದ್ದರು ಅಂದಿನ ಪಾದ್ರಿಗಳು.

ವಾಸಿಲ್ ಕಾರಿನಿಂದ ಇಳಿದು ಗೂಟಗಳ ನಡುವೆ ಒಬ್ಬನೇ ನಡೆದು ಹೋದ. ಅಂಗಡಿಯ ಬಾಗಿಲು ತೆರೆದ. ತಿರುಗಿ ವಾಹನದ ಕಡೆ ನೋಡುತ್ತ ನಿಂತ. ಇತ್ತ ಪ್ರಾರ್ಥನೆಗೆ ಬಾಯಿ ತೆರೆದರೆ ಗಾಳಿ ಮಾತನ್ನು ಹೊತ್ತು ಒಯ್ಯುತ್ತಿತ್ತು. ಅವನಿಗೆ ಒಂದು ಪದವೂ ಕೇಳಿಸಿರಲಾರದು. ಮುಗಿಯಿತೆಂದು ಥೆಕ್ಲಾ ಕೈ ಬೀಸಿದ ಮೇಲೆ ಬಾಗಿಲು ಹಾಕಿಕೊಂಡು ಬಂದ. ದಾರಿಯುದ್ದಕ್ಕೂ ಒಂದೇ ಮಾತಾಡಿದ. "ನಾನೇ ಅವಳ ದಾರಿ ಮುಚ್ಚಿದೆ ಮಗಳೇ."

ನಗರಸಭೆ ತಿಂಗಳ ಮೊದಲ ಸೋಮವಾರ ಸೇರುತ್ತದೆ. ಯಾವ ನಾಗರಿಕನಾದರೂ ಎದ್ದು ಮೂರು ನಿಮಿಷ ಮಾತಾಡಬಹುದು. ಮುಂದಿನ ಸೋಮವಾರದಿಂದ ವಾಸಿಲ್ ಹೋಗತೊಡಗಿದ. ಪ್ರತಿ ಸಲವೂ ಶುರು ಮಾಡುತ್ತಿದ್ದುದು ಒಂದೇ ರೀತಿ: "ನಾನು ವಾಸಿಲ್ ಫೆಡೋರ್ಚಾಕ್. ಬೀದಿ ಮುಚ್ಚಿಸಿದವನು ನಾನು. ಅದು ತಪ್ಪಾಯಿತು. ದಯವಿಟ್ಟು ತೆರೆಯಿರಿ."

ಸದಸ್ಯರು ಮೊದಮೊದಲು ತಲೆಯಾಡಿಸಿದರು, ಆಮೇಲೆ ಗಡಿಯಾರ ನೋಡಿದರು. ಬೀದಿಯನ್ನು ಎಬ್ಬಿಸಲು ಅವರದೇ ಯೋಜನೆಗಳಿದ್ದವು. ಒಂದು ವರ್ಷ ಹೂಕುಂಡ ಇಟ್ಟರು. ಇನ್ನೊಂದು ವರ್ಷ ಖಾಲಿ ಗೋಡೆಗಳಿಗೆ ಚಿತ್ರ ಬರೆಸಿದರು. ಮತ್ತೊಂದು ವರ್ಷ ಕಲಾವಿದರಿಗೆ ಅಂಗಡಿಗಳನ್ನು ಬಿಟ್ಟಿ ಕೊಟ್ಟರು. ಚಳಿಗಾಲಕ್ಕೆ ಅವರೂ ಹೋದರು. ವಾಸಿಲ್ ತನ್ನ ಪಾಡಿಗೆ ಎಡಬಲದ ಖಾಲಿ ಅಂಗಡಿಗಳ ಕಿಟಕಿ ಒರೆಸಿ, ತನ್ನ ಅಂಗಡಿಯ ಜೋಡುಗಳನ್ನೇ ಒಂದೊಂದರಲ್ಲಿ ನಾಲ್ಕು ಜೊತೆ ಇಟ್ಟ. ಬೀದಿ ಪೂರ್ತಿ ಸತ್ತಂತೆ ಕಾಣಬಾರದು ಎಂದು. ದೂರದಿಂದ ಬಂದವರು ಈ ಊರಲ್ಲಿ ಇಷ್ಟೊಂದು ಜೋಡಿನ ಅಂಗಡಿಯೇ ಎಂದು ಬೆರಗಾಗುತ್ತಿದ್ದರು.

ಸದಸ್ಯರು ಬದಲಾದರು, ಮೇಯರುಗಳು ಬದಲಾದರು. ಇಪ್ಪತ್ತಮೂರನೆಯ ವರ್ಷ, ಅವನು ಎದ್ದು ನಿಲ್ಲುವ ಮೊದಲೇ ಹೊಸ ಮೇಯರಮ್ಮ, "ಕೂತ್ಕೊಳ್ಳಿ ಫೆಡೋರ್ಚಾಕ್ ಅವರೇ, ಈ ಸಲ ನಾವೇ ಹೇಳ್ತೀವಿ," ಎಂದಳು.

ಉಕ್ಕಿನ ಗೂಟಗಳನ್ನು ಕಿತ್ತ ದಿನ ರಾಂಡಾಲ್ ಒಂದು ಗೂಟದಿಂದ ಮೊಳದುದ್ದ ಕೊಯ್ದು ಅವನಿಗೆ ಕೊಟ್ಟ. ವಾಸಿಲ್ ಅದನ್ನು ಎರಡು ಕೈಯಲ್ಲಿ ಈಸಿಕೊಂಡು, ತೂಕ ನೋಡುವವನಂತೆ ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

*

ವಾಹನ ಬೀದಿಯ ಬಾಯಿಗೆ ಬಂದು ನಿಂತಿತು. ಅದೇ ಜಾಗ. ಗೂಟಗಳ ಬದಲು ಕಿತ್ತಳೆ ಬಣ್ಣದ ಅಡ್ಡಗಟ್ಟೆ, ಅದರಾಚೆ ಒದ್ದೆ ಗೋಣಿತಾಟು ಹೊದ್ದ ಕಾಂಕ್ರೀಟ್. ರಾಂಡಾಲ್ ಅಲ್ಲೇ ಇದ್ದ. ಶನಿವಾರ ಅವನಿಗೆ ರಜ. ಆದರೂ ಬಂದಿದ್ದ. ಹಿಂದೆ ಸಾಲಾಗಿ ನಿಂತ ಕಾರುಗಳಿಂದ ಜನ ಇಳಿದು ಬಂದರು.

"ಅಡ್ಡಗಟ್ಟೆ ತೆಗಿ," ಎಂದಳು ಥೆಕ್ಲಾ.

"ತೆಗೆದ್ರೆ ಏನಾಗುತ್ತೆ ಗೊತ್ತಾ ಅಕ್ಕ? ಈ ಗಾಡಿ ಭಾರಕ್ಕೆ ಬಿರುಕು ಬಿಡುತ್ತೆ. ಎಲ್ಲಾ ಒಡೆದು ಮತ್ತೆ ಹಾಕಬೇಕು. ಬೀದಿ ತೆರೆಯೋದು ಇನ್ನೊಂದು ತಿಂಗಳು ಮುಂದಕ್ಕೆ ಹೋಗುತ್ತೆ. ಅಷ್ಟರಲ್ಲಿ ಹಿಮ ಬಂದ್ರೆ ವಸಂತಕ್ಕೇ." "ದಿನಾ ಬೆಳಿಗ್ಗೆ ನಿಮ್ಮಪ್ಪ ನನ್ನ ಕೇಳ್ತಿದ್ರು, ಎಲ್ಲಾ ಸರಿಯಾಗಿ ಹಾಕ್ತಿದೀಯಾ, ಮತ್ತೆ ಕೀಳೋ ಹಾಗೆ ಆಗಬಾರದು ಅಂತ. ಈಗ ಅವರ ಗಾಡಿಯಿಂದಲೇ ಒಡೆಸಲಾ ನಾನು?"

ಥೆಕ್ಲಾ ವಾಹನದ ಮುಂಭಾಗಕ್ಕೆ ಒರಗಿ, ಇನ್ನೂರು ಹೆಜ್ಜೆ ಆಚೆಗಿನ ಅಂಗಡಿಯ ಕಡೆ ನೋಡಿದಳು. ಬಾಗಿಲು ತೆರೆದಿತ್ತು. ಬೆಳಿಗ್ಗೆಯೇ ಲುವೆನಿಯಾ ಬಂದು ತೆರೆದಿಟ್ಟು ಹೋಗಿದ್ದಳು.

"ಇಲ್ಲಿಂದಲೇ ಮಾಡೋಣವಾ ಮಗಳೇ?" ಎಂದು ಫಾದರ್ ಮಿರಾನ್ ಮೆತ್ತಗೆ ಕೇಳಿದರು.

ಥೆಕ್ಲಾ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಆಗ ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು. ಜನ ದಾರಿ ಬಿಟ್ಟರು. ಸ್ಪೈರೊ ಬಂದು ಅಡ್ಡಗಟ್ಟೆಗೆ ಕೋಲಿನಿಂದ ಒಂದು ಏಟು ಹಾಕಿದ.

"ಏಯ್ ಮೇಸ್ತ್ರಿ. ಇದರ ಮೇಲೆ ಗಾಡಿ ಹೋಗಬಾರದು. ಮನುಷ್ಯರು ನಡೀಬಹುದಾ?"

"ನಡೀಬಹುದು ತಾತ. ನಿನ್ನೆಯಿಂದ್ಲೇ ನಡೀಬಹುದು."

ಸ್ಪೈರೊ ಜನರ ಕಡೆ ತಿರುಗಿದ.

"ಮೂರು ಸಂಜೆ ನನ್ನ ತಲೆ ತಿಂದ ಈ ಪುಣ್ಯಾತ್ಮ. ಜನ ನಡೀತಾರೆ ಕಣೋ ಸ್ಪೈರೊ, ಬೀದಿ ತುಂಬ ನಡೀತಾರೆ ಅಂತ ಹೇಳಿ ನನ್ನ ಕೈಲಿ ಸಹಿ ಹಾಕ್ಸಿದ. ನನ್ನ ಅಂಗಡಿ ಹೋಯ್ತು. ಒಬ್ಬ ನನ್ಮಗನೂ ನಡೀಲಿಲ್ಲ." ಅವನು ಉಸಿರೆಳೆದುಕೊಂಡ. "ಈಗ ನಡೀರಿ. ಇವತ್ತಾದ್ರೂ ನಡೀರಿ. ಎತ್ತಿ ಅವನನ್ನ!"

ಪೆಟ್ಟಿಗೆ ಹೊರುವ ಆರು ಮಂದಿ ವಾಹನದ ಹಿಂಬಾಗಿಲ ಬಳಿ ಬಂದರು. ಅವರಲ್ಲಿ ಇಬ್ಬರಿಗೆ ಎಂಬತ್ತು ದಾಟಿತ್ತು. ಚರ್ಚಿನ ಮೆಟ್ಟಿಲಿಳಿಸುವಷ್ಟರಲ್ಲೇ ಅವರಿಗೆ ಏದುಸಿರು ಬಂದಿತ್ತು. ರಾಂಡಾಲ್ ಅಡ್ಡಗಟ್ಟೆಯನ್ನು ಪಕ್ಕಕ್ಕೆ ಸರಿಸಿ, ಟೋಪಿ ತೆಗೆದು ಅದರ ಮೇಲಿಟ್ಟು, ಒಬ್ಬ ಮುದುಕನ ಭುಜದಿಂದ ಭಾರವನ್ನು ತನ್ನ ಭುಜಕ್ಕೆ ತೆಗೆದುಕೊಂಡ. ಇನ್ನೊಂದು ಕಡೆಗೆ ಲುವೆನಿಯಾ ಹೆಗಲು ಕೊಟ್ಟಳು.

"ಹೆಂಗಸರು ಹೊರೋದು ನಮ್ಮಲ್ಲಿ ವಾಡಿಕೆ ಇಲ್ಲ," ಎಂದ ಒಬ್ಬ.

"ನಿಮ್ಮಲ್ಲಿ ಇಲ್ಲ. ನಮ್ಮ ಬೀದೀಲಿ ಇದೆ. ನಡಿ ಸುಮ್ನೆ."

ಗೋಣಿತಾಟಿನ ಮೇಲೆ ಕಾಲಿಟ್ಟಾಗ ನೀರು ಪಿಚ್ಚೆಂದು ಚಿಮ್ಮಿತು. ಪೆಟ್ಟಿಗೆ ಮುಂದೆ, ಫಾದರ್ ಮಿರಾನ್ ಅದರ ಮುಂದೆ, ಹಿಂದೆ ಥೆಕ್ಲಾ, ಅವಳ ಹಿಂದೆ ಇಡೀ ಚರ್ಚು. ಪಕ್ಕದ ಬೀದಿಯ ಕ್ಷೌರದಂಗಡಿಯವರು ಹೊರಗೆ ಬಂದರು, ಬಸ್ಸಿಗೆ ಕಾಯುತ್ತಿದ್ದವರು ಬಂದರು. ಏನು ವಿಷಯ ಎಂದು ಕೇಳಿ, ಕೇಳಿದವರು ಹಿಂದೆ ಸೇರಿಕೊಂಡರು. ಮುಚ್ಚಿದ ಬಟ್ಟೆ ಅಂಗಡಿ ಹಿಂದೆ ಬಿತ್ತು, ಔಷಧಿ ಅಂಗಡಿ ಹಿಂದೆ ಬಿತ್ತು. ಖಾಲಿ ಕಿಟಕಿಗಳಲ್ಲಿ ವಾಸಿಲ್ ಇಟ್ಟ ಜೋಡುಗಳು ನಾಲ್ಕು ನಾಲ್ಕು ಜೊತೆ ಬೀದಿಯ ಕಡೆ ಮೂತಿ ಮಾಡಿ ನಿಂತಿದ್ದವು. ಹೊಸ ಡಾಂಬರಿನ ಮೇಲೆ ನೂರಾರು ಅಟ್ಟೆಗಳ ಸದ್ದು ಮಾತ್ರ.

ಹಲಗೆ ಹೊಡೆದ ಮಿಠಾಯಿ ಅಂಗಡಿಯ ಮುಂದೆ ಸ್ಪೈರೊ ಒಂದು ಕ್ಷಣ ನಿಂತ. ಒಳಗೆ ಹೋಗುವವನಂತೆ ಬಾಗಿಲ ಕಡೆ ನೋಡಿದ. ಮತ್ತೆ ಕೋಲೂರಿ ಜನರ ಜೊತೆ ಹೆಜ್ಜೆ ಹಾಕಿದ.

ಲುವೆನಿಯಾ ಹೇಳಿಕೊಟ್ಟಂತೆ ಒಬ್ಬರು ಓಡಿ ಹೋಗಿ ಅಂಗಡಿಯ ಒಳಗಿಂದ ಎರಡು ಗಿಡ್ಡ ಮಣೆಗಳನ್ನು ತಂದು ಬೀದಿಯ ನಡುವೆ ಇಟ್ಟರು. ಪಾದ ಅಳೆಯುವಾಗ ವಾಸಿಲ್ ಒಂದರ ಮೇಲೆ, ಯೂಲಿಯಾ ಇನ್ನೊಂದರ ಮೇಲೆ ಕೂರುತ್ತಿದ್ದ ಮಣೆಗಳು ಅವು. ಪೆಟ್ಟಿಗೆಯನ್ನು ಅವುಗಳ ಮೇಲೆ ಇಳಿಸಿದರು. ಇನ್ನು ಒಂಬತ್ತು ದಿನಕ್ಕೆ ಕಾರುಗಳು ಓಡುವ ಜಾಗ ಅದು. ಎದುರಿಗೆ ಅಂಗಡಿಯ ಬಾಗಿಲು ಪೂರ್ತಿ ತೆರೆದಿತ್ತು. ಗಾಳಿಗೆ ಮುಚ್ಚಿಕೊಳ್ಳದಂತೆ ಅದಕ್ಕೆ ಆತು ನಿಂತಿದ್ದು ರಾಂಡಾಲ್ ಕೊಟ್ಟ ಆ ಮೊಳದುದ್ದದ ಉಕ್ಕಿನ ಗೂಟ. ಒಳಗೆ ಮೊಳೆಗೆ ನೇತುಹಾಕಿದ ಹಳೆಯ ನೀಲಿ ಮೇಲಂಗಿ ಕಾಣುತ್ತಿತ್ತು. ಯೂಲಿಯಾಳದು. ಇಪ್ಪತ್ತನಾಲ್ಕು ವರ್ಷದಿಂದ ಅದನ್ನು ಯಾರೂ ಅಲ್ಲಿಂದ ತೆಗೆದಿರಲಿಲ್ಲ.

ಫಾದರ್ ಮಿರಾನ್ ಧೂಪದ ಬಟ್ಟಲು ಎತ್ತಿದರು.

"ಫಾದರ್," ಎಂದಳು ಥೆಕ್ಲಾ. "ಅಮ್ಮನದು ಬಾಕಿ ಇದೆ."

ಅವರು ಅವಳನ್ನೂ ಆ ನೀಲಿ ಅಂಗಿಯನ್ನೂ ನೋಡಿದರು. ಪುಸ್ತಕವನ್ನು ಮಡಚಿ ತೋಳಿನ ಸಂದಿಗೆ ಇಟ್ಟುಕೊಂಡರು. ಜನ ತಲೆ ಬಾಗಿಸಿದರು. ಸ್ಪೈರೊ ಕಿವಿಗೆ ಕೈಹಾಕಿ ಯಂತ್ರದ ಗುಂಡಿ ತಿರುಗಿಸಿಕೊಂಡ.

"ಪ್ರಭುವೇ, ನಿನ್ನ ಮಕ್ಕಳಾದ ವಾಸಿಲನೂ ಯೂಲಿಯಾಳೂ ತಮ್ಮ ಬಾಗಿಲಿಗೆ ಬಂದಿದ್ದಾರೆ. ಇಷ್ಟು ದೂರ ಅವರನ್ನು ನಾವು ನಡೆಸಿಕೊಂಡು ಬಂದೆವು. ಇನ್ನು ಮುಂದೆ ನೀನು ನಡೆಸು. ತಿಳಿದು ಮಾಡಿದ್ದನ್ನೂ ಒಳ್ಳೆಯದೆಂದು ನಂಬಿ ಮಾಡಿದ್ದನ್ನೂ ಮನ್ನಿಸು. ನೋವಿಲ್ಲದ, ನಿಟ್ಟುಸಿರಿಲ್ಲದ ನಿನ್ನ ಬೆಳಕಿನಲ್ಲಿ ಅವರ ದಣಿದ ಪಾದಗಳಿಗೆ ವಿಶ್ರಾಂತಿ ಕೊಡು. ಅವರ ನೆನಪು ಅಳಿಯದಿರಲಿ. ಅವರಿಗೆ ನಿನ್ನ ಬಾಗಿಲು ತೆರೆದೇ ಇರಲಿ. ಆಮೆನ್."